ಬರ್ರಿ, ಕೂಡ್ರಿ

ಕೆರೂರ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಗುರುತಿಲ್ಲದ ಹಿರಿಯರೊಬ್ಬರು ಕೇಳಿಯೇ ಕೇಳುತ್ತಾರೆ: “ಯಾವೂರ್ರಿ? ಯಾರ ಮನಿಗೆ ಹೊಂಟೀರಿ?” ಮೈಸೂರು ಕಡೆಯ ಗೆಳೆಯರಿಗೆ ಇದು ಅಧಿಕಪ್ರಸಂಗ. ಇಲ್ಲಿನವರಿಗೆ, ಹೊಸಬರನ್ನು ಕಂಡೂ ಕೇಳದೆ ಹೋಗುವುದೇ ಸೊಕ್ಕು.

ನಮ್ಮ ಸೀಮೆಯ ಮಾತು ಒರಟು ಎಂಬ ಹಳೆಯ ದೂರು ನನಗೆ ಇಂದಿಗೂ ನೋವು ಕೊಡುತ್ತದೆ. ದನಿ ದೊಡ್ಡದು, ನಿಜ. ಆದರೆ ಮರ್ಯಾದೆ ಮಾತಿನ ಬಾಲದಲ್ಲಿರುತ್ತದೆ, ಕೊನೆತನಕ ಕೇಳಬೇಕು. ಬರ್ರಿ, ಹೌದ್ರಿ, ಯಾಕ್ರಿ, ಇಲ್ರಿ. ಕ್ರಿಯಾಪದವೇ ಬೇಕೆಂದಿಲ್ಲ, “ಬಾದಾಮಿಗೆ ರಿ” ಎಂದರೂ ಸಾಕು. ಇಷ್ಟೆಲ್ಲ ‘ರಿ’ ಹಚ್ಚುವ ಮನುಷ್ಯ ಮನೆಗೆ ಹೋದವನೇ “ಯವ್ವಾ, ನೀ ಉಂಡೇನ?” ಎನ್ನುತ್ತಾನೆ. ತಾಯಿಗೂ ದೇವರಿಗೂ ಏಕವಚನ. ಮೊಮ್ಮಗನನ್ನೋ, ಅಜ್ಜಿ “ಯಪ್ಪಾ” ಎಂದು ಕರೆಯುತ್ತಾಳೆ! ಬಹುವಚನ ಎಣಿಸಿ ಪ್ರೀತಿ ಗೌರವ ಅಳೆಯುವವರಿಗೆ ಈ ಲೆಕ್ಕ ಹತ್ತುವುದಿಲ್ಲ.

ದನದ ಸಂತೆಯಲ್ಲಿ ನಿಂತು ನೋಡಿ. ಕೂಗಾಟವೆಲ್ಲ ಎತ್ತಿನ ಹಲ್ಲು, ಸುಳಿಗಳ ಬಗ್ಗೆ. ರೇಟಿನ ಮಾತು ಬಂದಾಗ ಬಾಯಿ ಮುಚ್ಚಿ, ವಲ್ಲಿಯ ಕೆಳಗೆ ಬೆರಳು ಹಿಡಿದು ವ್ಯವಹಾರ ಮಾಡುತ್ತಾರೆ. ಕಡಿಮೆ ಕೇಳಿದವನಿಗೂ ಒಲ್ಲೆನೆಂದವನಿಗೂ ನಾಲ್ಕು ಮಂದಿಯ ಮುಂದೆ ಮುಖಭಂಗವಿಲ್ಲ.

ಹತ್ತಿರದ ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ಅತಿ ಹಳೆಯ ತ್ರಿಪದಿ ಸಿಗುವುದು ಅಲ್ಲೇ. ಅದು ಅವನನ್ನು ನಡತೆಯಿಂದಲೇ ಪರಿಚಯಿಸುತ್ತದೆ: ಸಜ್ಜನರ ಜೊತೆ ಹೇಗಿದ್ದ, ಕಾಡಿದವರಿಗೆ ಹೇಗೆ ಎದುರಾದ. ಮೃದುತ್ವ, ಕಾಠಿಣ್ಯ ಎರಡೂ ಒಬ್ಬನಲ್ಲೇ. ನಮ್ಮ ಮಂದಿಯನ್ನು ನೋಡಿದಾಗಲೆಲ್ಲ ನನಗೆ ಆ ಬಂಡೆ ನೆನಪಾಗುತ್ತದೆ.

ಹೆಸರಿನಲ್ಲೇ ಕೆರೂರನ್ನು ಹೊತ್ತ ಲೇಖಕ ವಾಸುದೇವಾಚಾರ್ಯರು (1866–1921) ಬಾಗಲಕೋಟೆಯಲ್ಲಿ ವಕೀಲರಾಗಿದ್ದರು, ‘ಶುಭೋದಯ’ ಪತ್ರಿಕೆ ನಡೆಸಿದರು. ಷೇಕ್ಸ್‌ಪಿಯರನ ವೆನಿಸ್ ವ್ಯಾಪಾರಿ ಅವರ ಕೈಯಲ್ಲಿ ‘ಸುರತನಗರದ ಶ್ರೇಷ್ಠಿ’ಯಾದ. ಊರು ಬದಲಾದರೆ ಆಡುವ ರೀತಿಯೂ ಬದಲಾಗಬೇಕೆಂದು ಬಲ್ಲವರು ಅವರು. ಅವರ ‘ಇಂದಿರೆ’ ಕಾದಂಬರಿಯನ್ನು ಹೊಸ ಓದುಗರು ಹುಡುಕಿ ಓದಬೇಕೆಂಬುದು ನನ್ನ ಆಸೆ.

ಈ ಸಂಚಿಕೆಯ ಕಥೆಯೊಂದರಲ್ಲಿ ಮುದುಕಿಯೊಬ್ಬಳು “ಬರ್ರಿ, ಕೂಡ್ರಿ” ಎಂದಿದ್ದುದನ್ನು ಕರಡು ತಿದ್ದುವಾಗ “ಬನ್ನಿ, ಕುಳಿತುಕೊಳ್ಳಿ” ಮಾಡಿದ್ದೆವು. ಓದಿ ನೋಡಿದರೆ ಅಂಗಳದಲ್ಲಿ ನಿಂತಿದ್ದ ಆ ಮುದುಕಿಯೇ ಇಲ್ಲವಾಗಿದ್ದಳು. ಅಚ್ಚಿಗೆ ಹೋಗುವ ಮುನ್ನ ಅವಳ ಮಾತನ್ನು ಅವಳಿಗೇ ಮರಳಿಸಿದ್ದೇವೆ.