ಚಪ್ಪಾಳೆ ಸಿಕ್ಕಿತು, ಕುರ್ಚಿ ಸಿಗಲಿಲ್ಲ



ಮೌತ್ ಆರ್ಗನ್ ಎಂದರೆ ನಮ್ಮಲ್ಲಿ ಹಲವರಿಗೆ ‘ಶೋಲೆ’ ಚಿತ್ರದ ಅಮಿತಾಭ್ ನೆನಪಾಗುತ್ತಾರೆ. ಉಳಿದವರಿಗೆ ಅದು ಜಾತ್ರೆಯಲ್ಲಿ ಕೊಂಡ ಆಟಿಕೆ. ಆದರೆ ಅಮೆರಿಕದ ಬ್ಲೂಸ್ ಮತ್ತು ಕಂಟ್ರಿ ಸಂಗೀತದಲ್ಲಿ ಅಂಗೈಯಲ್ಲಿ ಅಡಗುವ ಈ ವಾದ್ಯಕ್ಕೆ ದೊಡ್ಡ ಗೌರವವಿದೆ. ಲಿಟ್ಲ್ ವಾಲ್ಟರ್, ಸನ್ನಿ ಟೆರಿ, ಚಾರ್ಲಿ ಮೆಕಾಯ್ ಹೀಗೆ ಹೆಸರಾದವರು ಹಲವರು. ಅವರೆಲ್ಲರಿಗಿಂತ ಮೊದಲು ನಾವು ತಿಳಿಯಬೇಕಾದವರು ಡಿಫೋರ್ಡ್ ಬೈಲಿ ಎಂಬುದು ನನ್ನ ಅಭಿಪ್ರಾಯ. ಅವರ ಪ್ರತಿಭೆ ಒಂದು ಕಾರಣವಾದರೆ, ಅವರನ್ನು ನಡೆಸಿಕೊಂಡ ರೀತಿ ಇನ್ನೊಂದು.

ಬೈಲಿ ಹುಟ್ಟಿದ್ದು 1899ರಲ್ಲಿ, ಟೆನೆಸ್ಸಿ ರಾಜ್ಯದ ಹಳ್ಳಿಯೊಂದರ ಕಪ್ಪು ಕುಟುಂಬದಲ್ಲಿ. ಮೂರನೇ ವಯಸ್ಸಿಗೆ ಪೋಲಿಯೊ ಬಂದು ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಆಗ ಕೈಗೆ ಬಂದದ್ದೇ ಮೌತ್ ಆರ್ಗನ್. ಬೆಳೆದಾಗಲೂ ಅವರ ಎತ್ತರ ಐದು ಅಡಿ ಮುಟ್ಟಲಿಲ್ಲ. ಆದರೆ ಆ ಪುಟ್ಟ ವಾದ್ಯದಿಂದ ಅವರು ಇಡೀ ರೈಲನ್ನೇ ಓಡಿಸುತ್ತಿದ್ದರು! ದೂರದಿಂದ ಬರುವ ಸದ್ದು, ಗಾಲಿಗಳ ತಾಳ, ಶಿಳ್ಳೆ, ಮತ್ತೆ ದೂರವಾಗುವ ಸದ್ದು, ಎಲ್ಲವೂ ಅದರಲ್ಲಿತ್ತು.

ಇದು ಹೇಗೆ ಸಾಧ್ಯ? ಸಾಮಾನ್ಯ ಬ್ಲೂಸ್ ಮೌತ್ ಆರ್ಗನ್‌ನಲ್ಲಿ ಹತ್ತು ರಂಧ್ರ, ಇಪ್ಪತ್ತು ರೀಡ್. ಊದಿದರೆ ಒಂದು ಸ್ವರ, ಉಸಿರು ಎಳೆದರೆ ಇನ್ನೊಂದು. ಬ್ಲೂಸ್ ವಾದಕರು ಸಾಮಾನ್ಯವಾಗಿ ಸಿ ಸ್ಕೇಲಿನ ವಾದ್ಯ ಹಿಡಿದು ಜಿ ಸ್ಕೇಲಿನಲ್ಲಿ ನುಡಿಸುತ್ತಾರೆ. ಹಾಗಾಗಿ ಮುಖ್ಯ ಸ್ವರಗಳು ಉಸಿರು ಎಳೆಯುವಾಗ ಬರುತ್ತವೆ. ಆಗ ನಾಲಿಗೆ ಮತ್ತು ಬಾಯಿಯ ಆಕಾರ ಬದಲಿಸಿದರೆ ಸ್ವರ ಬಾಗಿ ಕೆಳಗಿಳಿಯುತ್ತದೆ, ಅತ್ತಂತೆ ಕೇಳುತ್ತದೆ.

ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ರೇಡಿಯೊದ ಶನಿವಾರದ ಕಾರ್ಯಕ್ರಮಕ್ಕೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರು ಬಿದ್ದದ್ದು 1927ರ ಡಿಸೆಂಬರಿನಲ್ಲಿ, ಬೈಲಿಯವರ ರೈಲಿನ ನುಡಿಸಾಣಿಕೆಯನ್ನು ಪರಿಚಯಿಸುವ ಹೊತ್ತಿಗೆ. 1928ರ 52 ಕಾರ್ಯಕ್ರಮಗಳಲ್ಲಿ 49ರಲ್ಲಿ ಅವರು ನುಡಿಸಿದರು. ತಂಡ ಊರೂರು ಸುತ್ತುವಾಗ ಅವರನ್ನು ಕೇಳಲೆಂದೇ ಜನ ಸೇರುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮಾತ್ರ ಅವರಿಗೆ ಹೋಟೆಲಿನಲ್ಲಿ ಕೋಣೆಯಿಲ್ಲ, ಊಟದ ಮೇಜಿನಲ್ಲಿ ಜಾಗವಿಲ್ಲ. ಬಣ್ಣ ಕಪ್ಪು, ಅಷ್ಟೇ.

1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಹಾಡುಗಳ ಹಕ್ಕಿನ ವಿಷಯದಲ್ಲಿ ರೇಡಿಯೊದವರಿಗೂ ಹಕ್ಕುಗಳ ಸಂಸ್ಥೆಗೂ ಜಗಳವಾಗಿತ್ತು. ಬೈಲಿಯವರ ಪ್ರಸಿದ್ಧ ಹಾಡುಗಳನ್ನು ನುಡಿಸುವಂತಿರಲಿಲ್ಲ. ಅದು ನಿಜವೇ. ಆದರೆ ಹದಿನೈದು ವರ್ಷ ಅವೇ ಹಾಡುಗಳನ್ನು ಕೇಳಿ ಕೇಳಿ ನುಡಿಸಿಕೊಂಡವರು, ಆಮೇಲೆ ‘ಹೊಸದು ಕಲಿಯದ ಸೋಮಾರಿ’ ಎಂದು ಬರೆದರಲ್ಲ, ಅದನ್ನು ನ್ಯಾಯ ಎನ್ನಲು ನನಗಾಗುವುದಿಲ್ಲ. ಆ ‘ಸೋಮಾರಿ’ ನ್ಯಾಶ್‌ವಿಲ್‌ನಲ್ಲಿ ಶೂ ಪಾಲಿಶ್ ಅಂಗಡಿ ನಡೆಸಿ, ದುಡಿದು ಬದುಕಿದರು. 1982ರಲ್ಲಿ ತೀರಿಕೊಂಡರು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಅವರಿಗೆ ಸ್ಥಾನ ಕೊಟ್ಟದ್ದು 2005ರಲ್ಲಿ, ಸತ್ತು 23 ವರ್ಷಗಳಾದ ಮೇಲೆ.

ಅಮೆರಿಕದವರನ್ನು ಬೈದು ಲೇಖನ ಮುಗಿಸುವುದು ಸುಲಭ. ಆದರೆ ಬೈಲಿಯವರ ಕಥೆ ಓದಿದಾಗ ನನಗೆ ನಮ್ಮ ಹಬ್ಬದ ದಿನ ನೆನಪಾಯಿತು. ಮೆರವಣಿಗೆಗೆ ಬಂದ ಬ್ಯಾಂಡಿನವರ ಊಟದ ಹೊಣೆ ನನ್ನದಾಗಿತ್ತು. ಎಲ್ಲರ ಊಟ ಆದ ಮೇಲೆ, ಸಭಾಂಗಣದ ಹಿಂದೆ ಅವರಿಗೆ ಬಡಿಸಿದೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾಗೇ ನಡೆದು ಬಂದಿತ್ತು, ನಾನೂ ಹಾಗೇ ಮಾಡಿದೆ. ಅವರಲ್ಲಿ ಒಬ್ಬರ ಹೆಸರನ್ನೂ ಕೇಳಿರಲಿಲ್ಲ.

ಚಪ್ಪಾಳೆ ತಟ್ಟಿದ ಮಾತ್ರಕ್ಕೆ ಗೌರವ ಕೊಟ್ಟಂತಾಗುವುದಿಲ್ಲ. ಕಲೆ ಬೇಕು, ಕಲಾವಿದ ಬೇಡ ಎನ್ನುವ ಬುದ್ಧಿ ನಮ್ಮಲ್ಲೂ ಇದೆ. ಮುಂದಿನ ಹಬ್ಬಕ್ಕೆ ಬ್ಯಾಂಡಿನವರು ನಮ್ಮ ಜೊತೆಗೇ, ಅದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಲಿ. ಬಡಿಸಲು ನಾನಿದ್ದೇನೆ. ನೀವೂ ಬರುತ್ತೀರಲ್ಲ?