ಊರಿಗೂ ಒಂದು ಅಂಗಳ ಬೇಕು

ಮನೆಗೆ ಅಂಗಳವಿದ್ದಂತೆ ಊರಿಗೆ ಉದ್ಯಾನ. ಅಂಗಳವಿಲ್ಲದ ಮನೆಯಲ್ಲಿಯೂ ಸಂಸಾರ ನಡೆಯುತ್ತದೆ, ನಿಜ. ಆದರೆ ಮಕ್ಕಳು ಓಡುವುದೆಲ್ಲಿ, ಮುದುಕರು ಎಳೆಬಿಸಿಲು ಕಾಯುವುದೆಲ್ಲಿ, ಮನೆಯಾಕೆ ಒಲೆಯ ಮುಂದಿನಿಂದೆದ್ದು ಒಂದು ಗಳಿಗೆ ತಣ್ಣನೆಯ ಗಾಳಿಗೆ ಮುಖವೊಡ್ಡುವುದೆಲ್ಲಿ? ದಾವಣಗೆರೆಯ ಹಳೆಯ ಪೇಟೆಯಲ್ಲಿ ನಡೆದು ಹೋಗುವವರಿಗೆ ಈ ಪ್ರಶ್ನೆ ಹೊಳೆಯದೆ ಇರದು. ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಗೋಡೆಗೆ ಗೋಡೆ ತಾಗಿದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಮೂಟೆ. ಗಾಡಿಗೆ ಸಿಕ್ಕುವ ಜಾಗ ಗಿಡಕ್ಕೆ ಸಿಕ್ಕುವುದಿಲ್ಲ.

ಇದಕ್ಕೆ ಕಾರಣ ಊರಿನ ಜಾತಕದಲ್ಲಿಯೇ ಇದೆ. ಹದಿನೆಂಟನೆಯ ಶತಮಾನದಲ್ಲಿ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರಾಲಿಯು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ನೆಲೆಗೊಳಿಸಿದನು, ಹಳ್ಳಿ ಪೇಟೆಯಾಯಿತು. 1760ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ನಾಂದಿ ಹಾಡಿದವನೂ ಅದೇ ಹೈದರನೇ. ಒಬ್ಬನೇ ದೊರೆಯ ಕೈಯಿಂದ ಒಂದು ಊರಿಗೆ ತೋಟ ಬಂತು, ಇನ್ನೊಂದಕ್ಕೆ ವ್ಯಾಪಾರ ಬಂತು.

ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ಎದ್ದವು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಸಂದಿತು. ಆದರೆ ಬಿರುದು ಕೊಟ್ಟ ಆ ಮೂಲ ಮ್ಯಾಂಚೆಸ್ಟರಿನ ಇನ್ನೊಂದು ಸಂಗತಿ ನಮ್ಮ ಕಡೆ ಅಷ್ಟಾಗಿ ಬರಲಿಲ್ಲ. ಗಿರಣಿಯ ಹೊಗೆಯಲ್ಲಿ ಉಸಿರು ಕಟ್ಟಿದ ಅಲ್ಲಿಯ ಜನ ವಂತಿಗೆ ಕೂಡಿಸಿ, 1846ರ ಆಗಸ್ಟಿನಲ್ಲಿ ಒಂದೇ ದಿನ ಮೂರು ಸಾರ್ವಜನಿಕ ಉದ್ಯಾನಗಳನ್ನು ತೆರೆದರು: ಎರಡು ಮ್ಯಾಂಚೆಸ್ಟರಿನಲ್ಲಿ, ಒಂದು ನೆರೆಯ ಸಾಲ್ಫರ್ಡಿನಲ್ಲಿ. ದಿನವೆಲ್ಲ ನೂಲಿನ ಧೂಳು ಕುಡಿದವನಿಗೆ ಸಂಜೆಯ ಹಸಿರು ವಿಲಾಸವಲ್ಲ, ಔಷಧಿ ಎಂಬುದನ್ನು ಅವರು ಅರಿತಿದ್ದರು. ದಾವಣಗೆರೆಯ ಗಿರಣಿಗಳ ಸದ್ದು ಈಗ ಅಡಗಿದೆ. ಊರು ಮಾತ್ರ ಬೆಳೆಯುತ್ತಲೇ ಇದೆ. 1997ರಲ್ಲಿ ಅದು ಜಿಲ್ಲಾ ಕೇಂದ್ರವೂ ಆಯಿತು.

ಕಳೆದ ದಶಕದಲ್ಲಿ ಈ ಕೊರತೆಯನ್ನು ತುಂಬುವ ಪ್ರಯತ್ನ ನಡೆಯಿತೆನ್ನಬೇಕು. ಲಾಲ್‌ಬಾಗಿನಲ್ಲಿ 1889ರಲ್ಲಿ ಅಡಿಗಲ್ಲು ಕಂಡ ಗಾಜಿನ ಮನೆಯ ಮಾದರಿಯಲ್ಲಿ ದಾವಣಗೆರೆಯಲ್ಲಿಯೂ ಒಂದು ಗಾಜಿನ ಮನೆ ಎದ್ದಿತು. ಸನಿಹದಲ್ಲಿಯೇ ಕುಂದವಾಡ ಕೆರೆ. ಊರಿಗೆ ಕುಡಿಯುವ ನೀರನ್ನೊದಗಿಸುವ ಈ ಕೆರೆಯ ಏರಿಯ ಮೇಲೆ ಮುಂಜಾನೆ ನಡೆಯುವವರ ಸಾಲು, ನೀರಿನ ಮೇಲೆ ಹಕ್ಕಿಗಳ ಸಾಲು. ನೋಟವೇನೋ ಸೊಗಸು. ಆದರೆ ಇವೆರಡೂ ಇರುವುದು ಊರ ಹೊರಬದಿಯಲ್ಲಿ. ವಾಹನವುಳ್ಳ ಬಡಾವಣೆಯವರಿಗೆ ಅದು ಹತ್ತಿರ. ಹಳೆಯ ಪೇಟೆಯ ಓಣಿಯಲ್ಲಿ ಮೊಮ್ಮಗುವಿನ ಕೈ ಹಿಡಿದು ನಿಂತ ಅಜ್ಜಿಗೆ ಅದು ವರ್ಷಕ್ಕೊಮ್ಮೆಯ ಪ್ರವಾಸ. ನಡೆದು ತಲುಪಲಾಗದ ಉದ್ಯಾನ ಪ್ರೇಕ್ಷಣೀಯ ಸ್ಥಳವಾದೀತೇ ಹೊರತು ಅಂಗಳವಾಗಲಾರದು.

ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವು ಹಳೆಯ ಊರಿನ ನಡುವೆಯೇ ಇದೆ. ಕನ್ನಡಿಯಂತೆ ನುಣುಪಾದ ಕಂಬಗಳ ಮಂಟಪ, ಶಾಸನದ ಕಲ್ಲುಗಳು, ಸುತ್ತಲೂ ತೆರೆದ ಬಯಲು. ಭಕ್ತನು ಕೈಮುಗಿದು ಬಂದು ಕುಳಿತುಕೊಳ್ಳುತ್ತಾನೆ. ಭಕ್ತಿಯಿಲ್ಲದವನೂ ಕಲ್ಲಿನ ತಂಪಿಗೆ ಬಂದು ಕುಳಿತುಕೊಳ್ಳುತ್ತಾನೆ. ಅಲ್ಲಿಂದಾಚೆಗೆ ತುಂಗಭದ್ರೆ. ಹರಿಯನ್ನೂ ಹರನನ್ನೂ ಒಂದೇ ವಿಗ್ರಹದಲ್ಲಿ ಕೂಡಿಸಿದ ಊರು, ಗುಡಿಯನ್ನೂ ಗಾಳಿಯನ್ನೂ ಒಂದೇ ಆವರಣದಲ್ಲಿ ಕೂಡಿಸಿತು.

ಎಂಟುನೂರು ವರ್ಷ ಈ ಬಯಲು ಉಳಿದು ಬಂದದ್ದೇಕೆ? ಮೊದಲು ದೇವರ ಭಯ ಕಾಯಿತು, ಈಗ ಪ್ರಾಚ್ಯ ಸ್ಮಾರಕಗಳ ಕಾನೂನು ಕಾಯುತ್ತಿದೆ. ದೇವರ ಅಂಗಳಕ್ಕೇನೋ ಕಾವಲುಂಟು. ಜನರ ಅಂಗಳಕ್ಕೆ ಕಾವಲು ಯಾರು? ನಕ್ಷೆಯಲ್ಲಿ ಹಸಿರಾಗಿ ಕಂಡ ತುಂಡು ನೆಲ, ನಾಲ್ಕು ವರ್ಷ ಯಾರೂ ಕಾಲಿಡದೆ ಬಿದ್ದಿದ್ದರೆ ಮೊದಲು ಕಸದ ಗುಂಡಿಯಾಗುತ್ತದೆ, ಬಳಿಕ ಯಾವುದೋ ಕಟ್ಟಡದ ಅಡಿಪಾಯವಾಗುತ್ತದೆ.

ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಅಧಿನಿಯಮವುಂಟು. ಆದರೆ ಕಾನೂನಿಗೆ ತಾನಾಗಿ ಕಾಲು ಬರುವುದಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಹಂಚಿದಾಗ, ನಿವಾಸಿಗಳೇ ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪಕ್ಷವನ್ನೇ ಎತ್ತಿಹಿಡಿಯಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಜನರ ಉಸಿರಿಗೆಂದು ಮೀಸಲಾದ ಜಾಗವನ್ನು ಜನರಿಂದ ಕಸಿಯಲಾಗದು ಎಂಬುದು ಅದರ ಸಾರ.

ಆದುದರಿಂದ ಉದ್ಯಾನಕ್ಕೆ ಹೋಗುವುದು ಬರಿಯ ಕಾಲಹರಣವಲ್ಲ. ಅದೊಂದು ಹಕ್ಕಿನ ಚಲಾವಣೆ. ದೂರದ ಗಾಜಿನ ಮನೆಗೆ ರಜೆಯಲ್ಲಿ ಹೋದರಾಯಿತು. ನಿತ್ಯಕ್ಕೆ, ಮನೆಯ ತಿರುವಿನಲ್ಲಿ ನಾಲ್ಕೇ ಮರಗಳಿರುವ ಚಿಕ್ಕ ಉದ್ಯಾನವಾದರೂ ಸರಿ, ಸಂಜೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕು. ಮಂಡಕ್ಕಿ, ಮಿರ್ಚಿಯ ಪೊಟ್ಟಣವೂ ಜೊತೆಗೆ ಬರಲಿ, ತಪ್ಪೇನಿಲ್ಲ. ಕಾಗದ ಮಾತ್ರ ತಿರುಗಿ ಮನೆಗೆ ಹೋಗಲಿ. ದಿನವೂ ಹತ್ತು ಮಂದಿ ಕುಳಿತೇಳುವ ಕಲ್ಲುಬೆಂಚನ್ನು ಕಿತ್ತು ಹಾಕಲು ಎಂಥವನಿಗೂ ಧೈರ್ಯ ಸಾಲದು.