ಮೂಗಿನ ತೀರ್ಪು

ಆಗ್ನೇಯ ಏಷ್ಯದ ಪೆತಾಯ್ ಎಂಬ ಹಸಿರು ಬೀಜವನ್ನು ಹೊಸಬರು ಮೂಸಿದೊಡನೆ ದೂರ ಸರಿಸುವುದುಂಟು. ಮಲೇಷಿಯ, ಇಂಡೋನೇಷಿಯಗಳ ಜನರಾದರೋ ಮೆಣಸಿನಕಾಯಿ, ಸೀಗಡಿಗಳೊಡನೆ ಅದನ್ನು ಹುರಿದು ಅನ್ನದೊಂದಿಗೆ ಸವಿಯುತ್ತಾರೆ. ಬೆಂಗಳೂರಿನ ಉದ್ಯಾನಗಳಲ್ಲಿ ಚೆಂಡಿನಂಥ ಹೂಗಳನ್ನು ತೂಗಿಬಿಡುವ ಪಾರ್ಕಿಯ ಮರ ಇದರ ಕುಲದ್ದೇ. ಪೆತಾಯಿಯ ನಾತಕ್ಕೆ ಕೊಳೆಯುವಿಕೆ ಕಾರಣವಲ್ಲ. ಗಂಧಕದ ಸಂಯುಕ್ತಗಳು ಕಾರಣ. ಇಂಗಿನಲ್ಲಿಯೂ ಬೆಳ್ಳುಳ್ಳಿಯಲ್ಲಿಯೂ ಮೂಗಿಗೆ ಬಡಿಯುವುದು ಗಂಧಕವೇ. ಇಂಗಿನ ಒಗ್ಗರಣೆಗೆ ಬಾಯಿ ಚಪ್ಪರಿಸುವ ನಾವು ಪೆತಾಯಿಯನ್ನು ಹಳಿಯುವುದು ಯಾವ ನ್ಯಾಯ?

ಹಾಗೆಂದು ನಾರುವ ಬೀಜಗಳೆಲ್ಲ ನಿರಪಾಯವೆಂದು ನಾವು ಹೇಳೆವು. ಜಾವಾದವರು ಅಕ್ಕರೆಯಿಂದ ತಿನ್ನುವ ಜೆಂಗ್‌ಕೋಲ್ ಬೀಜವನ್ನೇ ನೋಡಿ. ಅದೂ ನಾರುತ್ತದೆ, ಆದರೆ ಅದರ ನಿಜವಾದ ಅಪಾಯ ಮೂಗಿಗೆ ತಿಳಿಯುವಂಥದಲ್ಲ. ಅದರಲ್ಲಿ ಜೆಂಕೋಲಿಕ್ ಆಮ್ಲವೆಂಬ, ಗಂಧಕವುಳ್ಳ ಅಮೈನೊ ಆಮ್ಲವೊಂದಿದೆ. 1930ರ ದಶಕದಲ್ಲಿ ವಾನ್ ವೀನ್ ಮತ್ತು ಹೈಮನ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದುದು, ಬೀಜ ತಿಂದು ಕಾಯಿಲೆ ಬಿದ್ದವರ ಮೂತ್ರದಿಂದ! ಆಮ್ಲೀಯ ಮೂತ್ರದಲ್ಲಿ ಅದು ಸರಿಯಾಗಿ ಕರಗದೆ ಸೂಜಿಯಂಥ ಹರಳುಗಳಾಗುತ್ತದೆ. ಆ ಹರಳುಗಳು ಮೂತ್ರಮಾರ್ಗವನ್ನು ಕೆರೆದು ಕಟ್ಟಿಹಾಕುತ್ತವೆ. ತೀವ್ರವಾದ ನೋವು, ರಕ್ತ ಬೆರೆತ ಮೂತ್ರ. ಕೆಲವರಲ್ಲಿ ಮೂತ್ರಪಿಂಡಗಳೇ ಕೆಲಸ ನಿಲ್ಲಿಸುತ್ತವೆ. ಒಮ್ಮೆ ತಿಂದು ಸುಖವಾಗಿದ್ದವನು ಇನ್ನೊಮ್ಮೆ ತಿಂದು ಹಾಸಿಗೆ ಹಿಡಿಯಬಹುದು. ಕ್ಷಾರದ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಆಮ್ಲ ಬಹುಮಟ್ಟಿಗೆ ಇಳಿಯುವುದು ನಿಜ. ಬರಿದೆ ಬೇಯಿಸಿ ತಿಂದವರೂ ನರಳಿದ್ದುಂಟು.

ಆದುದರಿಂದ ಜೆಂಗ್‌ಕೋಲ್ ಉಣ್ಣುವ ಮನೆಗಳಿಗೆ ತಿಳಿಸಬೇಕಾದುದು ವಾಸನೆ ನೀಗುವ ಉಪಾಯವನ್ನಲ್ಲ. ಮಿತವಾಗಿ ತಿನ್ನುವುದನ್ನು, ಧಾರಾಳವಾಗಿ ನೀರು ಕುಡಿಯುವುದನ್ನು, ಮೂತ್ರ ಕಟ್ಟಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ವೈದ್ಯರಲ್ಲಿಗೆ ಹೋಗುವುದನ್ನು.